ಊರೂರಿಗೆ ಹೆಜ್ಜೆ ಕೊಟ್ಟ ಜಟ್ಟ

ಆಗ ಅಳಿವೆಗೆ ಸೇತುವೆ ಇರಲಿಲ್ಲ. ಗುಡ್ಡದ ಮೇಲೆ ದೀಪದ ಕಂಬ ಇರಲಿಲ್ಲ. ಗಾಳಿ ಬಂದರೆ ಹಡಗು ಬರ್ತಿತ್ತು, ಗಾಳಿ ಬರದಿದ್ದರೆ ಇಲ್ಲ. ಯಾವ ಕಾಲ ಅಂತ ಮಾತ್ರ ಕೇಳಬೇಡಿ. ನಾನೂ ನನ್ನಜ್ಜಿಯನ್ನು ಕೇಳಿದ್ದೆ. ನಿನಗೆ ಹಲ್ಲು ಹುಟ್ಟೋ ಮೊದಲು, ನನಗೂ ಹಲ್ಲು ಹುಟ್ಟೋ ಮೊದಲು ಅಂತ ಹೇಳಿ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡಳು. ಅಂಥ ಕಾಲದಲ್ಲಿ, ಹೊಳೆ ಸಮುದ್ರ ಸೇರೋ ಆ ಅಳಿವೆಯಲ್ಲಿ, ಹೊಯ್ಗೆಕೇರಿ ಅಂತ ಒಂದು ಊರಿತ್ತಂತೆ. ಊರೆಂದರೆ ಏನು, ಮೀನು ಹಿಡಿಯೋರ ಮನೆಗಳು, ಹರವಿದ ಬಲೆಗಳು, ಕಣ್ಣು ಹಾಯಿಸಿದಷ್ಟೂ ಹೊಯ್ಗೆ. ಮರಳಿಗೆ ನಮ್ಮ ಕಡೆ ಹೊಯ್ಗೆ ಅಂತಲೇ ಹೇಳೋದು.

ಆ ಊರಲ್ಲಿ ಮಾದೇವಿ ಅಂತ ಒಬ್ಬಳು. ಅವಳಿಗೆ ಜಟ್ಟ ಅಂತ ಒಬ್ಬ ತಮ್ಮ. ಅಪ್ಪ ಅಮ್ಮ ಇಬ್ಬರೂ ಒಂದೇ ಬೇಸಗೆಯಲ್ಲಿ ಸಿಡುಬಿಗೆ ಹೋದರು. ಆಗ ತಮ್ಮ ಇನ್ನೂ ಅಂಬೆಗಾಲು. ಮಾದೇವಿಯೇನು ದೊಡ್ಡವಳಾ, ಅವಳೂ ಲಂಗ ಉಡೋ ಹುಡುಗಿ. ಬಂಗಡೆ ಬುಟ್ಟಿ ತಲೆ ಮೇಲೆ, ತಮ್ಮ ಸೊಂಟದ ಮೇಲೆ, ಹಾಗೆ ಹಳ್ಳಿಹಳ್ಳಿ ತಿರುಗಿ ಮೀನು ಮಾರಿ ಅವನನ್ನು ಸಾಕಿದಳು. ಬಾಯಿ ಜೋರು. ಅವಳ ಕೂಗಿಗೆ ಕಾಗೆಯೂ ಮೀನು ಬಿಟ್ಟು ಹಾರ್ತಿತ್ತು ಅಂತಾರೆ. ತಮ್ಮನಿಗೆ ಮಾತ್ರ ಒಂದು ದಿನ ಕೈ ಎತ್ತಿದವಳಲ್ಲ.

ಇನ್ನು ಚೆಂಡು. ಅದು ಊರಿಗೆ ಹೇಗೆ ಬಂತೋ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಡೆದ ಹಡಗಿನಿಂದ ತೇಲಿ ಬಂತು ಅಂತ ಕೆಲವರು. ಪರದೇಶದ ಖಲಾಸಿಗಳು ಆಡಿ ಬಿಟ್ಟು ಹೋದರು ಅಂತ ಕೆಲವರು. ಹೇಗೋ ಬಂತು. ದೋಣಿಯ ಎರಡು ಹುಟ್ಟು ನೆಟ್ಟರೆ ಗೋಲು, ಇಳಿತದಲ್ಲಿ ನೀರು ಹಿಂದೆ ಸರಿದರೆ ಗಟ್ಟಿ ಹೊಯ್ಗೆಯೇ ಮೈದಾನ. ಮಳೆಗಾಲ ಮುಗಿದು ಸಮುದ್ರಕ್ಕೆ ಹಾಲೆರೆದ ಮರುದಿನ, ಹೊಳೆಯ ಆಚೆದಡದವರ ಜೊತೆ ಪಂದ್ಯ. ಗೆದ್ದ ದಡದವರು ಆ ವರ್ಷ ಅಳಿವೆಯ ಬಾಯಲ್ಲಿ ಮೊದಲು ರಂಪಣಿ ಅನ್ನೋ ದೊಡ್ಡ ಬಲೆ ಬಿಡೋದು. ಸೋತವರು ದಡದಲ್ಲಿ ಕೂತು ನೋಡೋದು. ಹಾಗಾಗಿ ಅದು ಬರೀ ಆಟ ಅಲ್ಲ ಮಾರಾಯ್ರೇ, ಹೊಟ್ಟೆಪಾಡು.

ಜಟ್ಟ ಮೀಸೆ ಚಿಗುರೋ ಹೊತ್ತಿಗೇ ಆ ಪಂದ್ಯಕ್ಕೆ ಇಳಿದ. ಅವನ ಕಾಲಿಗೆ ಚೆಂಡು ಸಿಕ್ಕಿದರೆ ಇನ್ನೊಬ್ಬರಿಗೆ ಸಿಗ್ತಿರಲಿಲ್ಲ ಅಂತಾರೆ. ಏಡಿ ಹಾಗೆ ಅಡ್ಡಡ್ಡ ಓಡ್ತಿದ್ದನಂತೆ. ಎದುರಿನವ ಎಡಕ್ಕೆ ಬಿದ್ದಿರ್ತಿದ್ದ, ಇವ ಬಲಕ್ಕೆ ಹೋಗಿ ಆಗಿರ್ತಿತ್ತು. ಓಡುವಾಗ ಒದ್ದೆ ಹೊಯ್ಗೆಯ ಮೇಲೆ ಅವನ ಹೆಜ್ಜೆ ಎಷ್ಟು ಚೆಂದ ಮೂಡ್ತಿತ್ತೆಂದರೆ, ಭರತದ ನೀರು ಏರಿ ಬಂದು ಅಳಿಸೋ ತನಕ ಮಕ್ಕಳು ಅದರೊಳಗೆ ಕಾಲಿಟ್ಟು ಆಡ್ತಿದ್ದರಂತೆ. ನಂಬೋರು ನಂಬಿ, ನಗೋರು ನಗಿ. ಅವನು ಆಡಿದಷ್ಟು ವರ್ಷ ಆಚೆದಡದವರು ಮೊದಲ ಬಲೆ ಬಿಡಲಿಲ್ಲ. ಅದಂತೂ ನಿಜ.

ಅವನದೊಂದೇ ಒಂದು ದೋಷ. ಬಾಯಲ್ಲಿ ಇಲ್ಲ ಅನ್ನೋ ಮಾತು ಬರ್ತಿರಲಿಲ್ಲ. ಯಾರು ಕರೆದರೂ ಹೋಗೋದು, ಯಾರು ಕೇಳಿದರೂ ಕೊಡೋದು. ಎದುರಿಗಿದ್ದವರ ಮುಖ ಬಾಡಿದರೆ ಅವನಿಗೆ ತಡೆಯೋದಿಲ್ಲ. ಅಕ್ಕ ಬೈಯೋಳು, ಒಂದು ದಿನ ನಿನ್ನ ಕಾಲನ್ನೇ ಕೇಳ್ತಾರೆ, ಅದನ್ನೂ ಕಡಿದು ಕೊಡ್ತೀಯ ಅಂತ. ಅವಳು ಬೈದದ್ದು ಸಿಟ್ಟಿಗೆ, ಅಷ್ಟೇ.

ಒಂದು ವರ್ಷ ಆ ಪಂದ್ಯ ನೋಡೋಕೆ ಇಸುಬ ನಾಕುದ ನಿಂತಿದ್ದ. ಹಡಗಿನ ಯಜಮಾನ. ಒಳ್ಳೆ ಮನುಷ್ಯ, ಗಡ್ಡಕ್ಕೆ ಮದರಂಗಿ ಹಚ್ಚಿಕೊಳ್ತಿದ್ದ. ನನ್ನ ಹಡಗು ಹೋಗೋ ಬಂದರುಗಳಲ್ಲೆಲ್ಲ ಈ ಆಟ ಇದೆ, ಅಲ್ಲಿ ಕಾಲಿಗೆ ಕೂಲಿ ಕೊಡ್ತಾರೆ, ಬರ್ತೀಯಾ ಅಂತ ಜಟ್ಟನನ್ನು ಕೇಳಿದ. ಜಟ್ಟ ಹೂಂ ಅಂದ. ಅವನಿಗೆ ಬೇರೆ ಮಾತೇ ಗೊತ್ತಿರಲಿಲ್ಲವಲ್ಲ. ಮಾದೇವಿ ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೇ ದಿನ ಎದ್ದು ದಾರಿಗೆ ಒಣಮೀನು ಹುರಿದು ಕಟ್ಟಿದಳು.

ಹೊಯ್ಗೆಕೇರಿಯಲ್ಲಿ ಆಗ ಒಂದು ಪದ್ಧತಿ ಇತ್ತು. ದೂರದ ಸಮುದ್ರಕ್ಕೆ ಹೋಗೋ ಗಂಡಸು ಮನೆ ಬಿಡೋ ಮುಂಚೆ, ಮಾಡಿನ ಕೆಳಗೆ ನೀರು ಬೀಳದ ಜಾಗದಲ್ಲಿ, ಕಲಸಿದ ಮಣ್ಣಿನ ಮೇಲೆ ಬಲಗಾಲು ಊರಿ ಹೆಜ್ಜೆ ಬಿಡಬೇಕು. ಅಕ್ಕನೋ ತಂಗಿಯೋ ಅದರ ಮೇಲೆ ಹೊಸ ಮಡಕೆ ಬೋರಲು ಹಾಕಬೇಕು. ಅಮಾಸೆಗೊಮ್ಮೆ ಮಡಕೆ ಎತ್ತಿ, ಸಮುದ್ರದ ನೀರು ಚಿಮುಕಿಸಿ, ಮತ್ತೆ ಮುಚ್ಚಬೇಕು. ಹೆಜ್ಜೆ ಇರೋ ತನಕ ಮನುಷ್ಯ ಎಲ್ಲಿದ್ದರೂ ತಿರುಗಿ ಬರ್ತಾನೆ. ಬಂದವನು ಹೊಸಿಲು ದಾಟೋ ಮೊದಲು ಆ ಹೆಜ್ಜೆ ಮೇಲೆ ಹೆಜ್ಜೆ ಇಡಬೇಕು, ಮುಚ್ಚಿದವಳು ನೀರೆರೆದು ಅದನ್ನು ಅಳಿಸಬೇಕು. ಅಲ್ಲಿಗೆ ಬಂದ ಅಂತ ಲೆಕ್ಕ. ಮಡಕೆ ಮುಚ್ಚಿದವಳು ಅಲ್ಲಿಯವರೆಗೆ ಮನೆ ಬಿಟ್ಟು ಬೇರೆ ಕಡೆ ವಾಸ ಹೋಗೋ ಹಾಗಿಲ್ಲ. ಜಟ್ಟ ಹೆಜ್ಜೆ ಬಿಟ್ಟ. ಮಾದೇವಿ ಮಡಕೆ ಮುಚ್ಚಿದಳು. ಹಡಗು ಹೋಯಿತು.

ಮೊದಲು ಹೋಗಿದ್ದು ಮಸ್ಕತ್ತಿಗೆ ಅಂತಾರೆ. ಅಲ್ಲಿ ಹುಲ್ಲಿಲ್ಲ, ಹೊಯ್ಗೆಯಿಲ್ಲ, ಬರೀ ಕಲ್ಲಿನ ನೆಲ. ಆ ಬಿಸಿಲಿಗೆ ಚೆಂಡೇ ಬಿರಿದು ಹೋಗ್ತಿತ್ತಂತೆ. ಅವರು ಇವನಿಗೆ ಬಿಳಿ ಅಂಗಿ ತೊಡಿಸಿದರು. ಮೊದಮೊದಲು ಮೈದಾನದ ಬದಿಯಲ್ಲಿ ಕೂರಿಸಿದರು, ಆಮೇಲೆ ಇಳಿಸಿದರು. ಇಳಿದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಖರ್ಜೂರದ ತೋಟಗಳಲ್ಲೆಲ್ಲ ಮೆರೆಸಿದರು. ವರ್ಷ ತಿರುಗಿತು, ಜಂಗಬಾರ ದ್ವೀಪದವರು ಹೆಚ್ಚಿನ ಕೂಲಿಗೆ ಕರೆದರು, ಹೊರಟ. ಹೊರಡೋ ದಿನ ಮಸ್ಕತ್ತಿನವರು ಬಂದರಿಗೆ ಬಂದು ಗೋಳಾಡಿದರಂತೆ. ಗಡ್ಡ ಬಿಟ್ಟ ಗಂಡಸರು, ಮಕ್ಕಳ ಹಾಗೆ. ಜಟ್ಟನಿಗೆ ತಡೆಯೋಕಾಗಲಿಲ್ಲ. ಏನು ಮಾಡಿದ ಗೊತ್ತಾ? ಮಣ್ಣು ಕಲಸಿದ. ಬಲಗಾಲು ಊರಿದ. ಅವರದೇ ಒಂದು ಮಡಕೆ ತರಿಸಿ ಬೋರಲು ಹಾಕಿಸಿದ. ಇದು ಇರೋ ತನಕ ನಾನು ತಿರುಗಿ ಬರೋದು ಗ್ಯಾರಂಟಿ, ಅಳಬೇಡಿ ಅಂದ. ಅವರು ಕಣ್ಣು ಒರೆಸಿಕೊಂಡರು. ಇವನಿಗೂ ಹಗುರ ಆಯಿತು.

ಮನೆಗೆ ಅಂತ ಇರೋದನ್ನು ಕಂಡವರಿಗೆಲ್ಲ ಕೊಡಬಾರದು ಅಂತ ಹೊಯ್ಗೆಕೇರಿಯ ಎಳೆ ಮಗುವಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ, ಯಾಕೆಂದರೆ ಹಾಗೆ ಮಾಡೋರು ಒಬ್ಬರಿರಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

ಜಂಗಬಾರದಲ್ಲಿ ಕೆಂಪು ಮಣ್ಣು, ಊರಿಗೆ ಊರೇ ಲವಂಗದ ವಾಸನೆ. ಅಲ್ಲಿ ಹಸಿರು ಅಂಗಿ. ಅಲ್ಲಿಂದ ಬಸ್ರಾ, ಬಸ್ರಾದಿಂದ ಸಿಂಹಳ, ಸಿಂಹಳದಿಂದ ಮಲಾಯ. ಮಲಾಯದಲ್ಲಿ ದಿನಾ ಮಳೆ, ಮೊಣಕಾಲುದ್ದ ಕಪ್ಪು ಕೆಸರು. ಇನ್ನೂ ಎಲ್ಲೆಲ್ಲೋ ಹೋದ ಅಂತಾರೆ. ಉಪ್ಪೇ ಹಿಮದ ಹಾಗೆ ಬಿದ್ದಿರೋ ಒಂದು ದೇಶ, ಆಟ ಮುಗಿಯೋ ತನಕ ಯಾರೂ ಉಸಿರೆತ್ತದ ಒಂದು ದೇಶ. ಎಷ್ಟು ದೇಶ ಅಂತ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದೋದಿಲ್ಲ. ಎಲ್ಲಿ ಹೋದರೂ ಒಂದು ವರ್ಷ, ಹೆಚ್ಚೆಂದರೆ ಎರಡು. ಕೆಲವು ಕಡೆ ಹೆಗಲ ಮೇಲೆ ಹೊತ್ತರು, ಕೆಲವು ಕಡೆ ಕಲ್ಲು ಹೊಡೆದರು, ಕೆಲವು ಕಡೆ ಹೆಸರು ಕೂಡ ಸರಿಯಾಗಿ ಹೇಳಲಿಲ್ಲ. ದೊಡ್ಡ ಬಹುಮಾನ ಯಾವ ದೇಶದಲ್ಲೂ ಗೆಲ್ಲಲಿಲ್ಲ. ಆದರೆ ಹೊರಡೋ ದಿನ ಒಬ್ಬರಾದರೂ ಬಂದು ಕಣ್ಣಲ್ಲಿ ನೀರು ತಂದರೆ ಸಾಕು, ಜಟ್ಟ ಮಣ್ಣು ಕಲಸ್ತಿದ್ದ. ಮಸ್ಕತ್ತಿನಲ್ಲೊಂದು ಹೆಜ್ಜೆ, ಜಂಗಬಾರದಲ್ಲೊಂದು, ಮಲಾಯದಲ್ಲೊಂದು. ಎಲ್ಲ ಕಡೆಯೂ ಬೋರಲು ಮಡಕೆ.

ಈ ಕಡೆ ಮಾದೇವಿ ಅಮಾಸೆ ಅಮಾಸೆಗೆ ಮಡಕೆ ಎತ್ತಿ ನೋಡ್ತಿದ್ದಳು. ಆಚೆದಡದ ಒಬ್ಬ ಒಳ್ಳೆ ಮನುಷ್ಯ, ದೋಣಿ ಕಟ್ಟೋನು, ಅವಳನ್ನು ಕೇಳಿಕೊಂಡು ಬಂದಿದ್ದ. ತಮ್ಮ ಬರಲಿ ಅಂದಳು. ಅವನು ಕಾದ. ಕಾದು ಕಾದು, ಬೇರೆಯವಳನ್ನು ಮಾಡಿಕೊಂಡ. ಮಾದೇವಿ ಆ ದಿನ ಮೀನು ಮಾರೋಕೆ ಹೋಗಲಿಲ್ಲ, ಮಡಕೆ ಪಕ್ಕ ಕೂತಿದ್ದಳಂತೆ.

ಒಂದು ಅಮಾಸೆಗೆ ಮಡಕೆ ಎತ್ತಿದಾಗ ಹೆಜ್ಜೆಯ ಕಿರುಬೆರಳು ಇರಲಿಲ್ಲ. ಇರುವೆಯೋ ಏಡಿಯೋ ಕೆದಕಿರಬೇಕು ಅಂದುಕೊಂಡಳು. ಕೆದಕಿದ ಗುರುತು ಮಾತ್ರ ಇಲ್ಲ. ಬೆರಳು ಇರಲೇ ಇಲ್ಲವೇನೋ ಅನ್ನೋ ಹಾಗೆ ಮಣ್ಣು ನುಣ್ಣಗೆ. ಇನ್ನೊಂದು ವರ್ಷಕ್ಕೆ ಅದರ ಪಕ್ಕದ್ದು ಹೋಯಿತು. ಇಸುಬ ನಾಕುದ ಬಂದು ನಿನ್ನ ತಮ್ಮ ಬಸ್ರಾ ಬಿಟ್ಟ ಅಂತ ಸುದ್ದಿ ಹೇಳಿದರೆ, ಇತ್ತ ಇನ್ನೊಂದು ಬೆರಳು ಇಲ್ಲ. ಮಡಕೆ ಎತ್ತಿದರೆ ಕೆಲವು ಸಲ ಲವಂಗದ ವಾಸನೆ ಬರ್ತಿತ್ತು. ಮನೆಯಲ್ಲಿ ಲವಂಗ ಎಲ್ಲಿಂದ ಬರಬೇಕು? ಮಾದೇವಿಗೆ ಹೆದರಿಕೆ ಹಿಡಿಯಿತು. ಯಾರಿಗೆ ಹೇಳೋದು, ಹೇಳಿದರೆ ತಮ್ಮನಿಗೆ ಕೆಟ್ಟದಾಗಿದೆ ಅಂತ ಊರು ಅಳೋಕೆ ಕೂರುತ್ತೆ. ಬಾಯಿಜೋರಿನ ಹೆಂಗಸು, ಇದೊಂದನ್ನು ನುಂಗಿಕೊಂಡಳು. ಬೆರಳೆಲ್ಲ ಹೋಯಿತು, ಪಾದದ ಮಧ್ಯ ಹೋಯಿತು. ಉಳಿದದ್ದು ಹಿಮ್ಮಡಿ.

ಕೊನೆಗೊಂದು ದಿನ ಜಟ್ಟ ಬಂದ. ಕೂದಲು ನರೆತಿತ್ತು, ಒಂದು ಮೊಣಕಾಲು ಮಡಚ್ತಿರಲಿಲ್ಲ. ದೊಡ್ಡ ಊರಿನವರು ಕರೆಯೋದು ನಿಲ್ಲಿಸಿದ್ದರು. ಸಣ್ಣ ಊರು, ಅದಕ್ಕಿಂತ ಸಣ್ಣ ಊರು ಅಂತ ಆಡಿ, ಕೊನೆಗೆ ಗಂಜಿ ಮೀನಿಗೂ ಆಡಿ ಬಂದಿದ್ದ. ದೋಣಿಯಿಂದ ಇಳಿದವನು ಹೊಯ್ಗೆಯ ಮೇಲೆ ನಡೆದು ಬಂದ. ಮಾದೇವಿ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡಿದಳು, ನೆಲ ನೋಡಲಿಲ್ಲ. ಬೈಯೋಕೆ ಅಂತ ಕೂಡಿಟ್ಟ ಮಾತು ಒಂದೂ ಬರಲಿಲ್ಲ. ಬಂದ್ಯಾ ಮಗಾ ಅಂದಳು, ಅಷ್ಟೇ.

ಮಡಕೆ ಎತ್ತಿದಳು. ಜಟ್ಟ ಹಿಮ್ಮಡಿಯ ಗುರುತಿನ ಮೇಲೆ ಕಾಲಿಟ್ಟ. ಅವಳು ತಂಬಿಗೆ ನೀರೆರೆದಳು. ನೀರು ಗುರುತಿನ ಸುತ್ತ ಹರಿದು ಹೋಯಿತು, ಒಳಗೆ ಇಳಿಯಲಿಲ್ಲ. ಇನ್ನೊಂದು ತಂಬಿಗೆ ಎರೆದಳು, ಕೊಡವನ್ನೇ ತಂದು ಸುರಿದಳು. ಅಂಗಳ ಎಲ್ಲ ಕೆಸರಾಯಿತು, ಆ ಹಿಮ್ಮಡಿಯಷ್ಟು ಜಾಗ ಒಣಗಿಯೇ ಇತ್ತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾದೇವಿ ಮಡಕೆ ಮತ್ತೆ ಮುಚ್ಚಿ, ಬಾ, ಗಂಜಿ ಆರುತ್ತೆ ಅಂದಳು.

ಊರವರಿಗೆ ಇದೆಲ್ಲ ಗೊತ್ತಿಲ್ಲ. ಜಟ್ಟ ಬಂದ ಅಂತ ಅವರಿಗೆ ಹಬ್ಬ. ಎಷ್ಟೋ ವರ್ಷದಿಂದ ಆಚೆದಡದವರೇ ಮೊದಲ ಬಲೆ ಬಿಡ್ತಿದ್ದರು. ಸಮುದ್ರಕ್ಕೆ ಹಾಲೆರೆದ ಮರುದಿನ ಮುದುಕನಾದರೂ ಪರವಾಗಿಲ್ಲ ಅಂತ ಅವನನ್ನು ಮೈದಾನಕ್ಕಿಳಿಸಿದರು. ಇಳಿದವನು ಕುಂಟಲಿಲ್ಲ. ಮಡಚದ ಕಾಲು ಮಡಚಿತು. ಅಡ್ಡಡ್ಡ ಓಡಿದ, ಒಬ್ಬರನ್ನು ದಾಟಿದ, ಇನ್ನೊಬ್ಬರನ್ನು ದಾಟಿದ. ಊರು ಕೇಕೆ ಹಾಕಿತು. ಆಮೇಲೆ ಒಂದು ಕಡೆಯಿಂದ ಕೇಕೆ ನಿಲ್ತಾ ಬಂತು. ಮೊದಲು ಸುಮ್ಮನಾದದ್ದು ಊರಿನ ಬುಧವಂತ, ನ್ಯಾಯ ಹೇಳೋ ಹಿರಿಯ. ಅವನು ಹೊಯ್ಗೆ ಕಡೆ ಕೈ ತೋರಿಸಿದ. ಆಚೆದಡದವರ ಹೆಜ್ಜೆ ಇವೆ, ಈಚೆದಡದವರ ಹೆಜ್ಜೆ ಇವೆ, ಚೆಂಡು ಉರುಳಿದ ಗೀರು ಇದೆ. ಜಟ್ಟ ಓಡಿದ ಜಾಗದಲ್ಲಿ ಒದ್ದೆ ಹೊಯ್ಗೆ ಕನ್ನಡಿ ಹಾಗೆ ನುಣ್ಣಗೆ. ಗೋಲು ಕಾಯೋನು ಗೋಲು ಬಿಟ್ಟು ಓಡಿಹೋದ. ಎದುರಿಗೆ ಯಾರೂ ಇರಲಿಲ್ಲ. ಜಟ್ಟ ಚೆಂಡನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಮನೆ ಕಡೆ ನಡೆದ. ಯಾರೂ ಅವನ ಹಿಂದೆ ಹೋಗಲಿಲ್ಲ. ಮಾದೇವಿ ಒಬ್ಬಳು ಹೋದಳು.

ಆ ಮೇಲೆ ಅವಳು ಅವನ ಕಾಲು ನೋಡತೊಡಗಿದಳು. ಬೆಳಗ್ಗೆ ಜಗಲಿಯಲ್ಲಿ ಬಲೆ ಹೆಣೀತಾ ಕೂರ್ತಾನೆ, ಕಾಲು ಸ್ವಚ್ಛ. ನಡು ಮಧ್ಯಾಹ್ನ ನೆರಳು ಕಾಲ ಬುಡಕ್ಕೆ ಬಂದಾಗ ಎದ್ದು ಹೋಗ್ತಾನೆ, ಕರೆದರೆ ತಿರುಗೋದಿಲ್ಲ. ಸಂಜೆ ಬಂದಾಗ ಅಂಗಾಲಿಗೆ ಕೆಂಪು ಮಣ್ಣು. ಹೊಯ್ಗೆಕೇರಿಯಲ್ಲಿ ಕೆಂಪು ಮಣ್ಣು ಎಲ್ಲಿದೆ? ಇನ್ನೊಂದು ದಿನ ಕಪ್ಪು ಕೆಸರು ಮೊಣಕಾಲಿನವರೆಗೆ, ಮಳೆ ಇಲ್ಲದ ದಿನ ಬಟ್ಟೆಯೆಲ್ಲ ಒದ್ದೆ. ಇನ್ನೊಂದು ದಿನ ಬೆರಳ ಸಂದಿಯಲ್ಲಿ ಬಿಳಿ ಉಪ್ಪು. ಅವಳು ಏನೂ ಕೇಳದೆ ಬಿಸಿನೀರು ಕಾಯಿಸಿ ತೊಳೀತಿದ್ದಳು. ದಿನದಿಂದ ದಿನಕ್ಕೆ ತೊಳೆಯೋಕೆ ಕಾಲೇ ಕಡಿಮೆ ಆಗ್ತಿದೆಯೇನೋ ಅನ್ನಿಸ್ತಿತ್ತು. ಅಷ್ಟು ಸವೆದಿದ್ದ ಅವನು.

ಒಂದು ದಿನ ಹಿಂದೆಯೇ ಹೋದಳು. ನಡು ಮಧ್ಯಾಹ್ನ ನಮ್ಮಲ್ಲಿ ಹೆಂಗಸರು ದಂಡೆಗೆ ಹೋಗೋದಿಲ್ಲ, ಆ ಹೊತ್ತು ಮನುಷ್ಯರದಲ್ಲ. ಆದರೂ ಹೋದಳು. ಹೊಯ್ಗೆ ಕಾದು ಗಾಳಿ ನಡುಗ್ತಿತ್ತು. ಜಟ್ಟ ಒಬ್ಬನೇ ಮೈದಾನದ ನಡುವೆ ನಿಂತಿದ್ದ, ಮೈಮೇಲೆ ಹಸಿರು ಅಂಗಿ. ಅದನ್ನು ಅವನು ಯಾವಾಗ ತೊಟ್ಟ, ಎಲ್ಲಿಂದ ತಂದ, ಅವಳಿಗೆ ಗೊತ್ತಿಲ್ಲ. ಓಡತೊಡಗಿದ. ಚೆಂಡಿಲ್ಲ. ಎದುರಿಗೆ ಯಾರಿಲ್ಲ. ಆದರೆ ಯಾರನ್ನೋ ತಪ್ಪಿಸಿ ಬಾಗ್ತಾನೆ, ಯಾರದೋ ಭುಜಕ್ಕೆ ಭುಜ ತಾಗಿ ತತ್ತರಿಸ್ತಾನೆ. ಆಮೇಲೆ ಅವಳಿಗೂ ಕೇಳಿಸಿತು. ಶಂಖ ಕಿವಿಗಿಟ್ಟ ಹಾಗೆ, ಎಲ್ಲೋ ದೂರದಿಂದ, ಸಾವಿರ ಜನರ ಕೂಗು. ಭಾಷೆ ಅವಳದಲ್ಲ. ಅವರು ಕೂಗೋದು ತಮ್ಮನ ಹೆಸರು, ಬೇರೆ ಥರ ತಿರುಚಿದ ಹೆಸರು. ಕೂಗು ಏರಿತು, ಏರಿತು, ಜಟ್ಟ ಕಾಲು ಹಿಂದಕ್ಕೆತ್ತಿದ, ಇನ್ನೇನು ಒದೀಬೇಕು, ಅಷ್ಟರಲ್ಲಿ ಯಾರೋ ಹಿಮ್ಮಡಿ ಹಿಡಿದು ಎಳೆದ ಹಾಗೆ ಬೋರಲು ಬಿದ್ದ. ಕೂಗು ಕತ್ತರಿಸಿ ಹೋಯಿತು. ಬರೀ ಅಲೆಯ ಸದ್ದು. ಬಿದ್ದಲ್ಲೇ ಬಿಕ್ಕಿ ಬಿಕ್ಕಿ ಅಳ್ತಿದ್ದ ಅವನು.

ಅವಳು ಅವನ ತಲೆಯನ್ನು ಮಡಿಲಲ್ಲಿ ಹಾಕ್ಕೊಂಡು ಕೂತಳು. ಆಗ ಎಲ್ಲ ಹೇಳಿದ. ಊರೂರಲ್ಲಿ ಹೆಜ್ಜೆ ಕೊಟ್ಟದ್ದು, ಮಡಕೆ ಹಾಕಿಸಿದ್ದು. ಅವರು ಇನ್ನೂ ಕಾಯ್ತಿದ್ದಾರೆ, ಮಧ್ಯಾಹ್ನ ಆದರೆ ಒಬ್ಬರಲ್ಲ ಒಬ್ಬರು ಕರೀತಾರೆ, ಹೋಗದೆ ಇರೋಕಾಗೋದಿಲ್ಲ, ಹೋದರೆ ಇರೋಕಾಗೋದಿಲ್ಲ, ಗೋಲು ಹೊಡೆಯೋ ಹೊತ್ತಿಗೆ ಇಲ್ಲಿಯ ಹಿಮ್ಮಡಿ ಎಳೆಯುತ್ತೆ ಅಂದ.

ಮಾದೇವಿಗೆ ಆಗ ಬಂತು ನೋಡಿ ಸಿಟ್ಟು.

“ನನಗೊಂದು ಹೆಜ್ಜೆ, ಕಂಡವರಿಗೆಲ್ಲ ಒಂದು ಹೆಜ್ಜೆನಾ? ಮಡಕೆ ಕಾಯ್ತಾ ಕೂತ ನಾನು ಯಾರು ನಿನಗೆ? ನನ್ನ ತಲೆ ನರೆಯೋ ತನಕ ಕಾದೆನಲ್ಲೋ, ಪಾಪಿ!”

“ಅವರು ಅಳ್ತಿದ್ದರು, ಅಕ್ಕಾ.”

“ನಾನು ಅಳಲಿಲ್ಲ ಅಂತ ತಿಳಕೊಂಡ್ಯಾ?”

ಅವಳು ಬೈದು ಬೈದು ಸುಸ್ತಾಗಿ, ಸೆರಗಲ್ಲಿ ಅವನ ಮುಖ ಒರೆಸಿ, ಎಬ್ಬಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಅವಳದೊಂದೇ ಹೆಜ್ಜೆ ಮೂಡಿತ್ತು ಅಂತಾರೆ.

ಮಾರನೇ ದಿನ ಬುಧವಂತನ ಮನೆಗೆ ಹೋದಳು. ತಮ್ಮ ಹೇಳಿದ್ದೆಲ್ಲ ಹೇಳಿ, ನೀರು ಒಲ್ಲೆ ಅಂದ ಹೆಜ್ಜೆಯನ್ನು ಏನು ಮಾಡೋದು ಅಂತ ಕೇಳಿದಳು. ಮುದುಕ ಅವಳನ್ನು ಜಗಲಿಯಲ್ಲಿ ಕೂರಿಸಿದ. ಆಮೇಲೆ ಹೇಳಿದ. ಬಂದವರ ಹೆಜ್ಜೆಗೆ ನೀರು, ಸಮುದ್ರದಲ್ಲಿ ಸತ್ತವರ ಹೆಜ್ಜೆಗೆ ಹಿಡಿಸೂಡಿ. ಮುಚ್ಚಿದವಳೇ ತೆಂಗಿನ ಕಡ್ಡಿಯ ಹಿಡಿಸೂಡಿ ತಗೊಂಡು, ಮುಖ ತಿರುಗಿಸಿ, ಸಮುದ್ರದ ಕಡೆಗೆ ಗುಡಿಸಬೇಕು. ಗುಡಿಸಿದರೆ ಈ ಮನೆಗೂ ಅವನಿಗೂ ಋಣ ಹರೀತು. ಆಮೇಲೆ ಅವನು ಆ ಕಾಯ್ತಿರೋ ಊರುಗಳವನು. ಬದುಕಿ ಎದುರಿಗೆ ಗಂಜಿ ಉಣ್ಣೋನ ಹೆಜ್ಜೆಯನ್ನು ಗುಡಿಸಿದವರು ಯಾರೂ ಇಲ್ಲ ಮಗಳೇ, ಆಗೋದೇನು ಅಂತ ನನಗೂ ತಿಳೀದು ಅಂದ. ಗುಡಿಸದಿದ್ದರೆ ಅಂತ ಕೇಳಿದಳು. ಗುಡಿಸದಿದ್ದರೆ ಎರಡು ಕಡೆಯಿಂದ ಎಳೆದ ಬಲೆ ಏನಾಗುತ್ತೋ ಅದೇ ಅಂದ.

ಮನೆಗೆ ಬಂದು ತಮ್ಮನಿಗೆ ಹೇಳಿದಳು. ಅವನು ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಈ ಅಮಾಸೆ ಕಳೀಲಿ ಅಕ್ಕಾ, ನೋಡೋಣ ಅಂದ. ಅಮಾಸೆ ಕಳೆದ ಮೇಲೆ ಇನ್ನೊಂದು ಅಮಾಸೆ ಅಂದ. ಇಷ್ಟು ದೇಶ ಬಿಟ್ಟು ಬಂದವನಿಗೆ ಒಂದನ್ನೂ ಸರಿಯಾಗಿ ಬಿಡೋಕೆ ಬರ್ತಿರಲಿಲ್ಲ. ಮಾದೇವಿಗೆ ಒಳಗೊಳಗೇ ಸಮಾಧಾನವೇ ಆಗ್ತಿತ್ತು, ಸುಳ್ಳು ಯಾಕೆ ಹೇಳೋದು. ಅರ್ಧ ಜೀವ ಆದರೂ ಸರಿ, ಸಂಜೆ ಆದರೆ ತಮ್ಮ ಜಗಲಿಗೆ ಬರ್ತಾನಲ್ಲ. ಅಷ್ಟು ವರ್ಷ ಕಾದವಳಿಗೆ ಅಷ್ಟಾದರೂ ಬೇಡವಾ?

ಆದರೆ ಬರೋ ತಮ್ಮ ದಿನಾ ಒಂದಿಷ್ಟು ಕಡಿಮೆ ಬರ್ತಿದ್ದ. ಒಂದು ಸಂಜೆ ಬಂದಾಗ ಅವನ ದನಿ ಇರಲಿಲ್ಲ, ಬಾಯಿ ಅಲ್ಲಾಡ್ತಿತ್ತು ಅಷ್ಟೇ. ಇನ್ನೊಂದು ಸಂಜೆ ಗೋಡೆ ಮೇಲೆ ದೀಪದ ಬೆಳಕಲ್ಲಿ ಅವಳ ನೆರಳಿತ್ತು, ಬಲೆಯ ನೆರಳಿತ್ತು, ಅವನದಿರಲಿಲ್ಲ. ಗಂಜಿ ಬಡಿಸಿದರೆ ಬಟ್ಟಲು ಹಾಗೇ ಇರ್ತಿತ್ತು. ಕಾಲು ತೊಳೆಯೋಕೆ ಹೋದವಳ ಕೈಗೆ ಕೆಸರು ಸಿಕ್ಕಿತು, ಕಾಲು ತಣ್ಣಗೆ ಗಾಳಿ ಹಾಗೆ ಇತ್ತು. ಅವನು ಅವಳನ್ನು ನೋಡ್ತಿದ್ದ. ಚಿಕ್ಕಂದಿನಲ್ಲಿ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಾಗ ನೋಡ್ತಿದ್ದನಲ್ಲ, ಹಾಗೆ. ಬಿಡಿಸು ಅಂತ ಕೇಳೋಕೂ ಅವನಿಗೆ ಬಾಯಿ ಇಲ್ಲ ಅಂತ ಆಗ ಅವಳಿಗೆ ಹೊಳೆಯಿತು.

ಮಾರನೇ ದಿನ ಮಾದೇವಿ ಅವನಿಗೆ ತಲೆಗೆ ಎಣ್ಣೆ ಹಚ್ಚಿದಳು. ಬಂಗಡೆ ಸಾರು ಮಾಡಿದಳು. ಅವನು ಉಣ್ಣಲಿಲ್ಲ, ಉಂಡ ಹಾಗೆ ನಕ್ಕ. ನೆರಳು ಕಾಲ ಬುಡಕ್ಕೆ ಬಂತು. ಅವನು ಎದ್ದ, ಅಂಗಳ ದಾಟಿದ. ಅವಳು ಕರೆಯಲಿಲ್ಲ. ಅವನು ಬಲೆಗಳ ಆಚೆ ಹೋಗೋ ತನಕ ನೋಡಿದಳು. ಆಮೇಲೆ ಮಡಕೆ ಎತ್ತಿ ಬದಿಗಿಟ್ಟು, ಹಿಡಿಸೂಡಿ ತಗೊಂಡಳು.

ಕೂಗು ಮನೆಯವರೆಗೂ ಕೇಳಿಸ್ತಿತ್ತು ಅಂತಾರೆ. ಆ ದಿನ ಒಂದು ದೇಶದ್ದಲ್ಲ, ಎಲ್ಲ ದೇಶದ್ದೂ ಒಟ್ಟಿಗೆ. ಕೂಗು ಏರ್ತಾ ಬಂತು. ಇನ್ನೇನು ಅವನು ಕಾಲೆತ್ತಿರಬೇಕು, ಇನ್ನೇನು ಬೀಳಬೇಕು. ಮುಖ ತಿರುಗಿಸಬೇಕು ಅಂತ ಬುಧವಂತ ಹೇಳಿದ್ದ. ಅವಳು ತಿರುಗಿಸಲಿಲ್ಲ. ಕಣ್ಣು ಬಿಟ್ಟು ನೋಡ್ತಾ, ಆ ಹಿಮ್ಮಡಿಯನ್ನು ಸಮುದ್ರದ ಕಡೆಗೆ ಗುಡಿಸಿದಳು. ನೀರಿಗೆ ಅಳಿಯದ ಮಣ್ಣು ಹಿಟ್ಟಿನ ಹಾಗೆ ಹಾರಿತು.

ಹೋಗಪ್ಪಾ, ಹೋಗು ಅಂದಳು. ನಮ್ಮಲ್ಲಿ ಯಾರೂ ಯಾರಿಗೂ ಹೋಗು ಅನ್ನೋದಿಲ್ಲ, ಹೋಗಿ ಬಾ ಅನ್ನೋದು. ಅವಳು ಹೋಗು ಅಂದಳು.

ಆಗ ಕೂಗು ಕತ್ತರಿಸಲಿಲ್ಲ. ಏರಿದ್ದು ಒಡೆಯಿತು. ಗೋಲ್ ಅಂತ ಸಾವಿರ ಬಾಯಿ, ಹತ್ತು ಸಾವಿರ ಬಾಯಿ, ಎಲ್ಲ ಭಾಷೆಯ ಜನ ಒಂದೇ ದನಿಯಲ್ಲಿ ಕೂಗಿದರು. ಮನೆಯ ಮಾಡು ನಡುಗಿತು, ಮಲಗಿದ್ದ ನಾಯಿಗಳು ಎದ್ದು ಓಡಿದವು, ಆಚೆದಡದವರೂ ಹೊಳೆಯ ಹತ್ತಿರ ಬಂದು ನಿಂತರು. ಮಾದೇವಿ ದಂಡೆಗೆ ಓಡಿದಳು. ಮೈದಾನದಲ್ಲಿ ಯಾರೂ ಇಲ್ಲ. ಗೋಲಿನ ಎದುರು ಒದ್ದೆ ಹೊಯ್ಗೆಯಲ್ಲಿ ಒಂದು ಬಲಗಾಲಿನ ಹೆಜ್ಜೆ ಇತ್ತು, ಐದೂ ಬೆರಳಿನ ಇಡೀ ಹೆಜ್ಜೆ. ಅವಳು ಅದರ ಪಕ್ಕ ಕೂತಳು, ಮುಟ್ಟಲಿಲ್ಲ. ಭರತದ ನೀರು ಬಂದು ಅದನ್ನು ತುಂಬಿಕೊಂಡು ಹೋಗೋ ತನಕ ಕೂತಿದ್ದಳು.

ಆಮೇಲೆ ಹಡಗಿನವರು ಸುದ್ದಿ ತರ್ತಿದ್ದರಂತೆ. ಜಂಗಬಾರದಲ್ಲಿ ಸೋಲೋ ಹೊತ್ತಿಗೆ ಹಸಿರು ಅಂಗಿಯ ಯಾರೋ ಒಬ್ಬ ಇಳಿದ, ಎಣಿಸಿದರೆ ತಂಡದಲ್ಲಿ ಒಬ್ಬ ಹೆಚ್ಚು, ಮುಖ ನೋಡಿದರೆ ಎಲ್ಲರೂ ನಮ್ಮವರೇ ಅಂತ. ಮಲಾಯದಲ್ಲಿ ಮಳೆಯಲ್ಲಿ ಕಂಡ ಅಂತ. ಮಾದೇವಿ ಎಲ್ಲ ಕೇಳಿ, ಕುಂಟ್ತಾ ಇದ್ದನಾ ಅಂತ ಒಂದೇ ಮಾತು ಕೇಳೋಳು. ಇಲ್ಲ ಅಂದರೆ ಸಾಕು, ಬುಟ್ಟಿ ಎತ್ತಿಕೊಂಡು ಹೋಗೋಳು.

ಈಗ ಹೊಯ್ಗೆಕೇರಿಯಲ್ಲಿ ಯಾರೂ ಹೆಜ್ಜೆ ಮುಚ್ಚೋದಿಲ್ಲ. ಬೇರೆ ಊರಲ್ಲಿ ಮನೆಯವರು ಹೊರಟ ಕೂಡಲೇ ಗುಡಿಸಿದರೆ ಅಪಶಕುನ ಅಂತಾರೆ, ಬೈತಾರೆ. ನಮ್ಮೂರಲ್ಲಿ ಮಗ ಹೊರಡಲಿ, ಮಗಳು ಹೊರಡಲಿ, ದುಬೈಗೋ ಮುಂಬೈಗೋ ಹೋಗಲಿ, ಅವರು ಅಂಗಳ ದಾಟಿದ ತಕ್ಷಣ ಮನೆಯ ಹೆಂಗಸು ಹಿಡಿಸೂಡಿ ತಗೊಂಡು ಹೊಸಿಲಿಂದ ದಂಡೆಯವರೆಗೆ ಅವರ ಹೆಜ್ಜೆ ಗುಡಿಸ್ತಾಳೆ, ಹೋದವರನ್ನು ಹಿಂದಿನಿಂದ ಎಳೆಯೋಕೆ ಒಂದೂ ಉಳಿಯದ ಹಾಗೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು ಇದೇನು ಹುಚ್ಚು ಅಂತ ಹೆದರ್ತಾರೆ. ಅವರಿಗೆ ಒಂದೇ ಒಂದು ಮಾತು ಹೇಳಿಕೊಡೋದು. ಗುಡಿಸುವಾಗ ಮುಖ ತಿರುಗಿಸಬಾರದು. ಅಳು ಬಂದರೆ ಅಳಬಹುದು, ಕೈ ಮಾತ್ರ ನಿಲ್ಲಿಸಬಾರದು.